ನಿನ್ನೆ ನೀವು ಯಾರ ಯಾರ ಜೊತೆ ಮಾತಾಡಿದಿರಿ?
(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯೆಯಲ್ಲ. ಇಲ್ಲೇ ಪುಣೆಯ ಒಂದು ಐಟಿ ಕಂಪನಿಯಲ್ಲಿ ಕೆಲಸ ಮಾಡುವವಳು. ಎಂಟೆಕ್ ಓದುವಾಗ ಗ್ರಾಫ್ ಥಿಯರಿ ಅಂತ ಒಂದು ವಿಷಯ ಇತ್ತು. ಆಗ ಪರೀಕ್ಷೆಗೆ ಓದಿದ್ದು. ಕೊರೊನಾ ಬಂದ ಮೇಲೆ ಅದನ್ನೇ ಮತ್ತೆ ಆಸೆಯಿಂದ ಓದಿದೆ. ಹಾಗಾಗಿ ಇವತ್ತು ನಾನು ಔಷಧಿಯ ಬಗ್ಗೆ ಮಾತಾಡುವುದಿಲ್ಲ, ಕಷಾಯದ ಬಗ್ಗೆಯೂ ಇಲ್ಲ. ಯಾರು ಯಾರನ್ನು ಭೇಟಿಯಾಗುತ್ತಾರೆ ಎಂಬ ನಕ್ಷೆ ಇದ್ದರೆ ಸಾಂಕ್ರಾಮಿಕ ರೋಗವನ್ನು ಹೇಗೆ ಕಟ್ಟಿಹಾಕಬಹುದು, ಆ ನಕ್ಷೆ ಕೈಗೆ ಸಿಗಬೇಕಾದರೆ ಏನಿರಬೇಕು, ಇಷ್ಟೇ ನನ್ನ ವಿಷಯ.

ಒಂದು ಸಣ್ಣ ಕೆಲಸ ಕೊಡುತ್ತೇನೆ. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಎದುರುಬದುರು ನಿಂತು ಕನಿಷ್ಠ ಮೂರು ಮಾತಾಡಿದವರನ್ನು, ಅಥವಾ ಕೈ ಮುಟ್ಟಿದವರನ್ನು ಬೆರಳಲ್ಲಿ ಎಣಿಸಿ. ಫೋನಿನಲ್ಲಿ ಮಾತಾಡಿದವರು ಲೆಕ್ಕಕ್ಕಿಲ್ಲ. ಮನೆಯವರು, ಕೆಲಸದ ಮೌಶಿ, ತರಕಾರಿಯವರು, ಮಗುವಿನ ಸ್ಕೂಲ್ ವ್ಯಾನಿನ ಕಾಕಾ, ಆಫೀಸಿನವರು. ಎಷ್ಟಾಯಿತು? ಯುರೋಪಿನ ಎಂಟು ದೇಶಗಳಲ್ಲಿ ಇದೇ ಪ್ರಶ್ನೆಯನ್ನು 7,290 ಜನರಿಗೆ ಕೇಳಿ, ಒಂದು ದಿನದ ಡೈರಿ ಬರೆಸಿ, 2008ರಲ್ಲಿ ಪ್ರಕಟಿಸಿದರು. ಪಾಲಿಮಾಡ್ ಅಧ್ಯಯನ ಎಂದು ಅದರ ಹೆಸರು. ಒಟ್ಟು 97,904 ಭೇಟಿಗಳು ದಾಖಲಾದವು, ಅಂದರೆ ಒಬ್ಬರಿಗೆ ದಿನಕ್ಕೆ ಸರಾಸರಿ ಹದಿಮೂರು ಚಿಲ್ಲರೆ. ಜನ ಹೆಚ್ಚಾಗಿ ತಮ್ಮ ವಯಸ್ಸಿನವರ ಜೊತೆಯೇ ಬೆರೆಯುತ್ತಾರೆ, ಶಾಲೆಗೆ ಹೋಗುವ ಮಕ್ಕಳು ಎಲ್ಲರಿಗಿಂತ ಹೆಚ್ಚು ಬೆರೆಯುತ್ತಾರೆ ಎಂಬುದು ಅದರಲ್ಲಿ ಕಂಡಿತು. ಇದು ಯಾವ ತಾಯಿಗೂ ಹೊಸ ಸುದ್ದಿಯಲ್ಲ. ಆದರೆ ಅಂಕಿ ಸಿಕ್ಕಿದ ಮೇಲೆ ಅದನ್ನು ಲೆಕ್ಕಕ್ಕೆ ಹಾಕಬಹುದು.

ಈಗ ಹಾಲಿನಲ್ಲಿರುವ ಎಲ್ಲರ ಪಟ್ಟಿಯನ್ನೂ ಒಂದು ದೊಡ್ಡ ಹಾಳೆಯ ಮೇಲೆ ಬರೆಯೋಣ. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ, ಭೇಟಿಯಾದವರ ನಡುವೆ ಒಂದು ಎಳೆ. ಚುಕ್ಕಿ ರಂಗೋಲಿ ಹಾಕಿದವರಿಗೆ ಗ್ರಾಫ್ ಥಿಯರಿಯ ಅರ್ಧ ಪಾಠ ಇಲ್ಲಿಗೆ ಮುಗಿಯಿತು. ಉಳಿದ ಅರ್ಧ ಏನೆಂದರೆ, ನಮ್ಮ ರಂಗೋಲಿಯಲ್ಲಿ ಚುಕ್ಕಿಗಳು ಸಮವಾಗಿರುತ್ತವೆ, ಮನುಷ್ಯರ ಈ ರಂಗೋಲಿಯಲ್ಲಿ ಹಾಗಿರುವುದಿಲ್ಲ. ಒಂದು ಚುಕ್ಕಿಗೆ ಮೂರೇ ಎಳೆ, ಇನ್ನೊಂದಕ್ಕೆ ಮುನ್ನೂರು.

ಕೊರೊನಾ ಕಾಲದಲ್ಲಿ ಟಿವಿಯವರು ದಿನವೂ ಹೇಳುತ್ತಿದ್ದರಲ್ಲ, ಒಬ್ಬ ರೋಗಿ ಸರಾಸರಿ ಇಷ್ಟು ಜನರಿಗೆ ಅಂಟಿಸುತ್ತಾನೆ ಎಂದು. ಆ ಸರಾಸರಿ ಈ ಅಸಮತೆಯನ್ನು ಮುಚ್ಚಿಡುತ್ತದೆ. ತಮಿಳುನಾಡು ಮತ್ತು ಆಂಧ್ರಪ್ರದೇಶದ ಆರೋಗ್ಯ ಕಾರ್ಯಕರ್ತರು 2020ರಲ್ಲಿ ಮನೆ ಮನೆಗೆ ನಡೆದು ಬರೆದುಕೊಂಡ ಪಟ್ಟಿಗಳನ್ನು ವಿಜ್ಞಾನಿಗಳು ಒಟ್ಟುಗೂಡಿಸಿ ನೋಡಿದರು. 84,965 ಸೋಂಕಿತರು, ಅವರ ಸಂಪರ್ಕಕ್ಕೆ ಬಂದ 5,75,071 ಜನ. ಸೋಂಕಿತರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ತಮ್ಮ ಪಟ್ಟಿಯಲ್ಲಿದ್ದ ಯಾರಿಗೂ ಅಂಟಿಸಿರಲಿಲ್ಲ. ನೂರಕ್ಕೆ ಎಂಟರಷ್ಟು ಮಂದಿಯಿಂದ, ಕಂಡುಬಂದ ಹೊಸ ಸೋಂಕಿನ ಶೇಕಡಾ 60 ಭಾಗ ಬಂದಿತ್ತು. ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇದು. ಅದರ ಹಿಂದಿರುವುದು ಬಿಸಿಲಲ್ಲಿ ರಿಜಿಸ್ಟರ್ ಹಿಡಿದು ಬಾಗಿಲು ಬಡಿದವರ ಕೈಬರಹ, ಮತ್ತು ಅವರಲ್ಲಿ ಬಹಳ ಮಂದಿ ಹೆಂಗಸರು.

ಎಂಟು ಜನ ಅರವತ್ತು ಭಾಗ ಹರಡಿದರು ಎಂದರೆ ಆ ಎಂಟು ಜನ ಕೆಟ್ಟವರು ಎಂದು ಅರ್ಥವಲ್ಲ. ‘ಸೂಪರ್ ಸ್ಪ್ರೆಡರ್’ ಎಂಬ ಪದವೇ ನನಗೆ ಹಿಡಿಸುವುದಿಲ್ಲ; ಆರೋಪಪಟ್ಟಿಯ ಹಾಗೆ ಕೇಳಿಸುತ್ತದೆ. ಅವರು ನಿಂತ ಜಾಗ ಅಂಥದ್ದು. ಕಿಟಕಿಯಿಲ್ಲದ ಕೋಣೆ, ತುಂಬಿದ ಬಸ್ಸು, ಮದುವೆ ಮನೆ. ಅದೇ ಲೆಕ್ಕವನ್ನು ತಿರುಗಿಸಿ ಓದಿದರೆ ಸಮಾಧಾನದ ಸಂಗತಿಯೂ ಇದೆ. ಎಲ್ಲರನ್ನೂ ಕೂಡಿಹಾಕಬೇಕಾಗಿಲ್ಲ, ಕೆಲವು ಎಳೆಗಳನ್ನು ಬಿಡಿಸಿದರೂ ಬಹಳ ಸಾಧಿಸಬಹುದು.

ಇದಕ್ಕೆ ಅತಿ ದೊಡ್ಡ ಸಾಕ್ಷಿ ಸಿಡುಬು. ನಮ್ಮ ಅಜ್ಜಿಯರು ‘ಅಮ್ಮ’ ಅಂದರು, ಇಲ್ಲಿ ಮರಾಠಿಯಲ್ಲಿ ‘ದೇವಿ’ ಅಂದರು. ಭಾರತದಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಶುರುವಾದದ್ದು 1962ರಲ್ಲಿ. ನೂರಕ್ಕೆ ಎಂಬತ್ತು ಜನರಿಗೆ ಲಸಿಕೆ ಹಾಕಿದರೆ ರೋಗ ತಾನಾಗಿ ನಿಲ್ಲುತ್ತದೆ ಎಂಬುದು ಆಗಿನ ಲೆಕ್ಕ. ಕೋಟಿಗಟ್ಟಲೆ ಲಸಿಕೆ ಹಾಕಿದರು, ರೋಗ ನಿಲ್ಲಲಿಲ್ಲ. ಜನ ಒತ್ತಾಗಿ ಬದುಕುವ ಕಡೆ ಉಳಿದ ಇಪ್ಪತ್ತೇ ಅದಕ್ಕೆ ಸಾಕಾಗಿತ್ತು.

ಬೇರೆ ದಾರಿ ಸಿಕ್ಕಿದ್ದು ನೈಜೀರಿಯಾದ ಪೂರ್ವ ಭಾಗದಲ್ಲಿ, 1966ರ ಡಿಸೆಂಬರಿನಲ್ಲಿ. ವಿಲಿಯಂ ಫೇಗಿ ಎಂಬ ಅಮೆರಿಕದ ವೈದ್ಯರು ಅಲ್ಲಿದ್ದರು. ಸಿಡುಬು ಕಾಣಿಸಿಕೊಂಡಿತು, ಕೈಯಲ್ಲಿದ್ದ ಲಸಿಕೆ ಎಲ್ಲರಿಗೂ ಸಾಲುತ್ತಿರಲಿಲ್ಲ. ಆ ಸೀಮೆಯ ಮಿಷನರಿಗಳು ಸಂಜೆ ರೇಡಿಯೊದಲ್ಲಿ ಪರಸ್ಪರ ಮಾತಾಡುವ ಪದ್ಧತಿ ಇತ್ತು. ಫೇಗಿ ಅದರ ಮೂಲಕ ಎಲ್ಲರನ್ನೂ ಕೇಳಿದರು: ನಿಮ್ಮ ಸುತ್ತಲಿನ ಹಳ್ಳಿಗಳಿಗೆ ಆಳು ಕಳಿಸಿ, ಎಲ್ಲಿ ಸಿಡುಬಿದೆ ತಿಳಿಸಿ. ಮರುದಿನದ ಹೊತ್ತಿಗೆ ಉತ್ತರ ಬಂತು. ರೋಗ ಇದ್ದ ಹಳ್ಳಿಗಳ ಸುತ್ತ ಲಸಿಕೆ ಹಾಕಿದರು. ಆಮೇಲೆ ಮಾಡಿದ್ದೇ ಜಾಣತನ. ಈ ಹಳ್ಳಿಯವರು ಯಾವ ಸಂತೆಗೆ ಹೋಗುತ್ತಾರೆ, ನೆಂಟಸ್ತಿಕೆ ಎಲ್ಲಿದೆ ಎಂದು ವಿಚಾರಿಸಿ, ರೋಗ ಇನ್ನೂ ತಲುಪದ ಆ ಜಾಗಗಳಿಗೆ ಮೊದಲೇ ಹೋಗಿ ಉಳಿದ ಲಸಿಕೆ ಹಾಕಿದರು. ಎಲ್ಲರಿಗೂ ಲಸಿಕೆ ಹಾಕದೆಯೇ ಅಲ್ಲಿ ಸಿಡುಬು ನಿಂತಿತು. ಕಂಪ್ಯೂಟರ್ ಇರಲಿಲ್ಲ, ಗ್ರಾಫ್ ಥಿಯರಿಯ ಹೆಸರೂ ಎತ್ತಿರಲಿಲ್ಲ. ಸಂತೆ ಮತ್ತು ನೆಂಟಸ್ತಿಕೆ, ಇವೆರಡೇ ನಕ್ಷೆ.

ಅದೇ ಫೇಗಿ ಎಪ್ಪತ್ತರ ದಶಕದಲ್ಲಿ ಭಾರತಕ್ಕೂ ಬಂದು ಕೆಲಸ ಮಾಡಿದರು. 1973ರಿಂದ ಇಲ್ಲಿ ಮನೆ ಮನೆ ಹುಡುಕಾಟ ಶುರುವಾಯಿತು. ಸಿಡುಬಿನ ಮಗುವಿನ ಚಿತ್ರವಿದ್ದ ಒಂದು ಕಾರ್ಡು ಹಿಡಿದು ಕಾರ್ಯಕರ್ತರು ಶಾಲೆಗೆ, ಸಂತೆಗೆ ಹೋಗಿ ‘ಇಂಥವರನ್ನು ಎಲ್ಲಾದರೂ ನೋಡಿದ್ದೀರಾ’ ಎಂದು ಕೇಳುತ್ತಿದ್ದರು. ಸುಳಿವು ಕೊಟ್ಟವರಿಗೆ ಬಹುಮಾನ; ಪ್ರಕರಣಗಳು ಕಡಿಮೆಯಾದಂತೆ ಬಹುಮಾನ ಏರುತ್ತಾ ಸಾವಿರ ರೂಪಾಯಿಗೆ ಹೋಯಿತು. ರೋಗಿ ಸಿಕ್ಕಿದರೆ ಆ ಮನೆ, ಸುತ್ತಲಿನ ಮನೆಗಳು, ಬಂದು ಹೋದ ನೆಂಟರು, ಹೀಗೆ ಉಂಗುರದಂತೆ ಲಸಿಕೆ. 1974ರಲ್ಲಿ ಬಿಹಾರದಲ್ಲಿ ಭೀಕರವಾಗಿದ್ದ ರೋಗ 1975ರ ಮೇ ತಿಂಗಳ ನಂತರ ದೇಶದಲ್ಲಿ ಕಾಣಲಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು.

ಹಾಗಾದರೆ ಕೊರೊನಾಕ್ಕೆ ಯಾಕೆ ಇದು ಅಷ್ಟು ಚೆನ್ನಾಗಿ ನಡೆಯಲಿಲ್ಲ? ಸಿಡುಬು ಮುಖದ ಮೇಲೆ ಕಾಣುವ ರೋಗ, ಸಾಮಾನ್ಯವಾಗಿ ಜ್ವರ, ಗುಳ್ಳೆ ಬಂದ ಮೇಲೆಯೇ ಅಂಟುತ್ತದೆ. ಸೋಂಕು ತಗುಲಿದ ಮೂರ್ನಾಲ್ಕು ದಿನದೊಳಗೆ ಲಸಿಕೆ ಹಾಕಿದರೂ ಕೆಲಸ ಮಾಡುತ್ತದೆ. ಓಡಿ ಹಿಡಿಯಲು ಸಮಯವಿದೆ. ಕೊರೊನಾ ಕೆಮ್ಮು ಶುರುವಾಗುವ ಮುಂಚೆಯೇ ಪಕ್ಕದವರಿಗೆ ಹೋಗಿರುತ್ತದೆ. ನಾವು ಪಟ್ಟಿ ಬರೆಯುವಷ್ಟರಲ್ಲಿ ಅದು ಎರಡು ಮನೆ ದಾಟಿರುತ್ತದೆ. ನಕ್ಷೆ ಒಂದೇ ರೀತಿಯದ್ದಾದರೂ ರೋಗದ ನಡಿಗೆ ಬೇರೆ.

ಇನ್ನೊಂದು ತಂತ್ರ ಇದೆ, ನನಗೆ ತುಂಬ ಇಷ್ಟವಾದದ್ದು. ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ನಾವು ಅರಿಶಿನ ಕುಂಕುಮಕ್ಕೆ ಮನೆ ಮನೆ ತಿರುಗುತ್ತೇವೆ. ಐದು ಹೆಂಗಸರು ಎಂದುಕೊಳ್ಳಿ. ಅವರಲ್ಲಿ ಲಲಿತಮ್ಮ ಉಳಿದ ನಾಲ್ಕೂ ಮನೆಗೆ ಹೋಗುತ್ತಾರೆ. ಆ ನಾಲ್ವರಿಗೆ ಪರಸ್ಪರ ಪರಿಚಯವಿಲ್ಲ. ನಮ್ಮ ಹತ್ತಿರ ಒಂದೇ ಒಂದು ಲಸಿಕೆ ಇದೆ. ಯಾರಿಗೆ ಹಾಕಬೇಕು? ಲಲಿತಮ್ಮನಿಗೆ. ಆದರೆ ಊರಿಗೆ ಹೊಸಬಳಾದ ನರ್ಸಿಗೆ ಲಲಿತಮ್ಮ ಯಾರೆಂದೇ ಗೊತ್ತಿಲ್ಲ. ಚೀಟಿ ಎತ್ತಿದರೆ ಲಲಿತಮ್ಮ ಬರುವ ಸಾಧ್ಯತೆ ಐದರಲ್ಲಿ ಒಂದು. ಚೀಟಿಯಲ್ಲಿ ಬಂದವರಿಗೆ ಹಾಕದೆ ‘ನಿಮ್ಮ ಮನೆಗೆ ಬರುವ ಒಬ್ಬ ಗೆಳತಿಯ ಹೆಸರು ಹೇಳಿ’ ಎಂದು ಕೇಳಿ ಆ ಗೆಳತಿಗೆ ಹಾಕಿದರೆ? ನಾಲ್ವರಲ್ಲಿ ಯಾರ ಚೀಟಿ ಬಂದರೂ ಅವರು ಹೇಳುವ ಹೆಸರು ಲಲಿತಮ್ಮ. ಸಾಧ್ಯತೆ ಐದರಲ್ಲಿ ನಾಲ್ಕಾಯಿತು! ಇಡೀ ಊರಿನ ನಕ್ಷೆ ಬರೆಯದೆ, ಒಂದೇ ಒಂದು ಪ್ರಶ್ನೆಯಿಂದ.

ನಮ್ಮ ಗೆಳತಿಯರಿಗೆ ಸರಾಸರಿ ನಮಗಿಂತ ಹೆಚ್ಚು ಗೆಳತಿಯರು ಇರುತ್ತಾರೆ ಎಂಬ ಈ ವಿಚಿತ್ರವನ್ನು ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞ 1991ರಲ್ಲಿ ಬರೆದರು. 2003ರಲ್ಲಿ ಕೊಹೆನ್, ಹ್ಯಾವ್ಲಿನ್, ಬೆನ್-ಅವ್ರಹಾಂ ಎಂಬ ಮೂವರು ಇದನ್ನು ಲಸಿಕೆಗೆ ಅನ್ವಯಿಸಿದರು. ಅವರು ಒಟ್ಟಿಗೇ ಯೋಚಿಸಿದ್ದು ಮನುಷ್ಯರ ವೈರಸ್ಸನ್ನೂ ಕಂಪ್ಯೂಟರ್ ವೈರಸ್ಸನ್ನೂ! ನಮ್ಮ ಐಟಿಯವರ ತಲೆನೋವು ಇಲ್ಲಿ ಉಪಯೋಗಕ್ಕೆ ಬಂತು ನೋಡಿ. 2009ರಲ್ಲಿ ಎಚ್1ಎನ್1 ಬಂದಾಗ ಕ್ರಿಸ್ಟಾಕಿಸ್ ಮತ್ತು ಫೌಲರ್ ಹಾರ್ವರ್ಡಿನ 744 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಚೀಟಿ ಎತ್ತಿ ಆರಿಸಿದವರ ಗುಂಪು ಒಂದು, ಅವರು ಹೆಸರಿಸಿದ ಗೆಳೆಯರ ಗುಂಪು ಇನ್ನೊಂದು. ಗೆಳೆಯರ ಗುಂಪಿಗೆ ಜ್ವರ ಸುಮಾರು ಎರಡು ವಾರ ಮೊದಲೇ ತಲುಪಿತ್ತು. ಅಂಥವರ ಮೇಲೆ ಕಣ್ಣಿಟ್ಟರೆ ಊರಿಗೆ ಎರಡು ವಾರದ ಮುನ್ಸೂಚನೆ ಸಿಗುತ್ತದೆ. ಅದೇ ವರ್ಷದ ಆಗಸ್ಟಿನಲ್ಲಿ ದೇಶದ ಮೊದಲ ಎಚ್1ಎನ್1 ಸಾವು ಆದದ್ದು ನಮ್ಮ ಪುಣೆಯಲ್ಲಿ. ಆಗ ಇಲ್ಲಿದ್ದವರಿಗೆ ಎರಡು ವಾರದ ಬೆಲೆ ಗೊತ್ತು.

ಹಾಗೆಂದು ಪರಿಚಯ ಬೇರೆ, ಸಂಪರ್ಕ ಬೇರೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನಿಪಾ ಬಂದದ್ದು ನೆನಪಿರಬಹುದು. ಒಂದೇ ಮನೆಯಲ್ಲಿ ಇನ್ನೊಬ್ಬರಿಗೂ ಕಾಯಿಲೆ ಬಂದಾಗ ಅಲ್ಲಿನ ವೈದ್ಯರಿಗೆ ಅನುಮಾನ ಬಂದು ಮಾದರಿಯನ್ನು ನಮ್ಮ ಮಣಿಪಾಲಕ್ಕೆ ಕಳಿಸಿದರು. ಮಣಿಪಾಲದ ಪ್ರಯೋಗಾಲಯ ನಿಪಾ ಎಂದಿತು, ಇಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಮಣಿಪಾಲದವರು ಆಮೇಲೆ ಪ್ರಕಟಿಸಿದ ವರದಿಯ ಪ್ರಕಾರ 23 ಪ್ರಕರಣ, 21 ಸಾವು. ಅವರು ಎಳೆ ಎಳೆಯಾಗಿ ಹುಡುಕಿದಾಗ, ಸತ್ತವರಲ್ಲಿ ಹಲವರಿಗೆ ಮೊದಲ ರೋಗಿಯ ಪರಿಚಯವೇ ಇರಲಿಲ್ಲ. ಅವರು ಯಾರನ್ನೋ ನೋಡಲು ಆಸ್ಪತ್ರೆಗೆ ಬಂದವರು. ಸ್ಕ್ಯಾನ್ ಕೋಣೆಯ ಹೊರಗಿನ ಕಾರಿಡಾರಿನಲ್ಲಿ ಅದೇ ಹೊತ್ತಿಗೆ ಇದ್ದರು, ಅಷ್ಟೇ. ಪೆರಾಂಬ್ರ ಆಸ್ಪತ್ರೆಯಲ್ಲಿ ಆ ರೋಗಿಯನ್ನು ನೋಡಿಕೊಂಡ ನರ್ಸ್ ಲಿನಿಯವರೂ ತೀರಿಕೊಂಡರು. ಎರಡು ಸಾವಿರಕ್ಕೂ ಹೆಚ್ಚು ಜನರ ಪಟ್ಟಿ ಮಾಡಿ, ಪ್ರತಿಯೊಬ್ಬರನ್ನೂ ವಿಚಾರಿಸುತ್ತಾ ಹೋಗಿ ಆ ಸರಪಳಿಯನ್ನು ಕಡಿದರು. ಫೇಸ್‌ಬುಕ್ಕಿನ ಸ್ನೇಹಿತರ ಪಟ್ಟಿಯಲ್ಲಿ ಆ ಕಾರಿಡಾರ್ ಎಲ್ಲಿರುತ್ತದೆ?

ಮೊಬೈಲ್ ಆ್ಯಪ್ ಇತ್ತಲ್ಲ, ಅದು ಕಾರಿಡಾರನ್ನೂ ಹಿಡಿಯುತ್ತಿತ್ತು ಎನ್ನಬಹುದು. ಆರೋಗ್ಯ ಸೇತು 2020ರ ಏಪ್ರಿಲ್ 2ರಂದು ಬಂತು. ನನ್ನ ಕಸುಬಿನ ವಿಷಯವಾದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. ಇಬ್ಬರು ಭೇಟಿಯಾದದ್ದು ದಾಖಲಾಗಬೇಕಾದರೆ ಇಬ್ಬರ ಫೋನಿನಲ್ಲೂ ಆ್ಯಪ್ ಇರಬೇಕು. ನೂರಕ್ಕೆ ಮೂವತ್ತು ಜನ ಹಾಕಿಕೊಂಡಿದ್ದರೆ ದಾಖಲಾಗುವ ಭೇಟಿಗಳು ಮೂವತ್ತಲ್ಲ, ಸುಮಾರು ಒಂಬತ್ತು. ಐವತ್ತು ಜನ ಹಾಕಿಕೊಂಡರೂ ಇಪ್ಪತ್ತೈದೇ. ಬ್ಲೂಟೂತಿಗೆ ಗೋಡೆಯೂ ಸರಿಯಾಗಿ ಕಾಣುವುದಿಲ್ಲ. ಪಕ್ಕದ ಫ್ಲ್ಯಾಟಿನವರು ನನ್ನ ಪಕ್ಕದಲ್ಲೇ ಕೂತಿದ್ದಾರೆ ಎಂದುಕೊಳ್ಳುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಮೌಶಿ ಆ ನಕ್ಷೆಯಲ್ಲೇ ಇರಲಿಲ್ಲ. ಹಾಗಾಗಿ, ಐಟಿಯವಳಾಗಿ ಹೇಳುತ್ತಿದ್ದೇನೆ, ಆ್ಯಪ್ ಇರಲಿ, ಆದರೆ ಆಶಾ ಕಾರ್ಯಕರ್ತೆಯ ರಿಜಿಸ್ಟರ್ ಅದಕ್ಕಿಂತ ಮೇಲು.

ರಿಜಿಸ್ಟರಿನಲ್ಲಿ ನಿಜ ಬರೆಸುವುದು ನಂಬಿಕೆಯಿದ್ದರೆ ಮಾತ್ರ. ಇದು ಪುಣೆಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. 1897ರ ಪ್ಲೇಗಿನಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೆಳಗೆ ಸೈನಿಕರು ಇಲ್ಲಿನ ಪೇಟೆಗಳಲ್ಲಿ ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಹೆಂಗಸರ ಮಾನ-ಮರ್ಯಾದೆ ನೋಡಲಿಲ್ಲ, ಸಾಮಾನು ಸುಟ್ಟರು. ಜನ ರೋಗಿಗಳನ್ನು ಬಚ್ಚಿಟ್ಟರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್ ಮೇಲೆ ಗುಂಡು ಹಾರಿಸಿದ್ದನ್ನು ಎಲ್ಲರೂ ಓದಿದ್ದೇವೆ. ಕಡಿಮೆ ಜನ ಗಮನಿಸುವುದು ಇನ್ನೊಂದನ್ನು: ಅವರು ಹುಡುಕಿದ ಜಾಲವೇ ತಪ್ಪು. ಆ ಪ್ಲೇಗು ಹೆಚ್ಚಾಗಿ ಹರಡುತ್ತಿದ್ದದ್ದು ಇಲಿಯ ಮೈಮೇಲಿನ ಚಿಗಟದಿಂದ. ಪಾಲ್ ಲೂಯಿ ಸಿಮಾಂಡ್ ಅದನ್ನು ಕಂಡುಕೊಂಡದ್ದು ಮರುವರ್ಷ, 1898ರಲ್ಲಿ. ಸೈನಿಕರು ಮನುಷ್ಯರನ್ನು ಎಳೆದಾಡುತ್ತಿದ್ದಾಗ ರೋಗ ಗೋಡೆಯ ಬಿಲದಲ್ಲಿ ಓಡಾಡುತ್ತಿತ್ತು. ಅದೇ ಊರಿನಲ್ಲಿ ಅದೇ ವರ್ಷ ಸಾವಿತ್ರಿಬಾಯಿ ಫುಲೆಯವರು ಮಗ ಯಶವಂತನ ಜೊತೆ ಸೇರಿ ಪ್ಲೇಗಿನವರ ಶುಶ್ರೂಷೆ ಮಾಡಿದರು, ಮಾರ್ಚ್ 10ರಂದು ಅದೇ ರೋಗಕ್ಕೆ ತೀರಿಕೊಂಡರು. ರೋಗಿಗಳು ಯಾರ ಹತ್ತಿರ ತಾವಾಗಿ ಬರುತ್ತಿದ್ದರು ಎಂದು ಕೇಳುವ ಅಗತ್ಯವಿಲ್ಲ.

ಜಾಲ ಯಾವುದು ಎಂದು ಮೊದಲು ತಿಳಿಯಬೇಕು ಎಂಬುದಕ್ಕೆ ನಮ್ಮ ಕಡೆಯದೇ ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಿದ್ದು ಪುಣೆಯ ಇದೇ ವೈರಾಣು ಸಂಸ್ಥೆಯ ವಿಜ್ಞಾನಿಗಳು. ಅದು ಉಣುಗಿನಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅಲ್ಲಿ ನೆರೆಮನೆಯವರ ಪಟ್ಟಿ ಮಾಡಿ ಪ್ರಯೋಜನವಿಲ್ಲ. ಸೌದೆಗೆ, ತರಗೆಲೆಗೆ ಯಾರು ಯಾವ ಕಾಡಿಗೆ ಹೋದರು, ಎಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಪಟ್ಟಿ ಬೇಕು.

1897ರಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲೂ ಬಳಸಿದರು. ಆಗ ಕರ್ನಾಟಕದಲ್ಲಿ ಸಂಪರ್ಕ ಪತ್ತೆ ಬಹಳ ಶ್ರದ್ಧೆಯಿಂದ ನಡೆಯಿತು. ದಿನದ ಬುಲೆಟಿನ್‌ನಲ್ಲಿ ರೋಗಿಗೊಂದು ಪಿ ನಂಬರ್, ಇಂಥ ನಂಬರಿನವರ ಸಂಪರ್ಕ ಎಂಬ ಟಿಪ್ಪಣಿ. ನನ್ನಂಥವಳಿಗೆ ಅದು ಚುಕ್ಕಿ ಮತ್ತು ಎಳೆ, ಕುಳಿತು ಚಿತ್ರ ಬರೆಯಬಹುದಿತ್ತು. ಆದರೆ ಅದೇ ಮಾರ್ಚಿನಲ್ಲಿ ಹೋಂ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸದ ಪಟ್ಟಿಗಳೂ ಬಹಿರಂಗವಾದವು, ಬಾಗಿಲಿಗೆ ಪೋಸ್ಟರ್ ಬಂತು, ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ತನ್ನ ವಿಳಾಸ ಊರೆಲ್ಲ ಸುತ್ತುತ್ತದೆ ಎಂದು ಗೊತ್ತಾದವನು ಮುಂದಿನ ಸಲ ಜ್ವರ ಬಂದರೆ ಹೇಳುತ್ತಾನೆಯೇ? ಹೇಳದೆ ಹೋದ ಒಬ್ಬೊಬ್ಬನೂ ನಕ್ಷೆಯಲ್ಲಿ ಅಳಿಸಿಹೋದ ಚುಕ್ಕಿ. ಗೋಪ್ಯತೆ ಎಂದರೆ ಓದಿದವರ ಶೋಕಿ ಎನ್ನುವವರಿದ್ದಾರೆ. ನನ್ನ ಪ್ರಕಾರ ರೋಗ ಹಿಡಿಯಲು ಅದು ಲಸಿಕೆಯಷ್ಟೇ ಮುಖ್ಯವಾದ ಸಾಮಾನು.

ಈಗ ನಮ್ಮ ಸೊಸೈಟಿಗೆ ಬರುತ್ತೇನೆ. ಒಬ್ಬ ಮೌಶಿ ದಿನಕ್ಕೆ ಐದು ಮನೆ ಮಾಡುತ್ತಾರೆ. ಆ ಐದು ಮನೆಯವರು ಲಿಫ್ಟಿನಲ್ಲಿ ಮುಖ ನೋಡಿಯೂ ಮಾತಾಡುವುದಿಲ್ಲ. ಹಾಳೆಯ ಮೇಲೆ ಬರೆದರೆ ಐದು ಬಿಡಿ ಚುಕ್ಕಿ, ನಡುವೆ ಮೌಶಿ. ಅವರೇ ನಮ್ಮ ಲಲಿತಮ್ಮ. 2020ರಲ್ಲಿ ಎಷ್ಟೋ ಸೊಸೈಟಿಗಳು ಗೇಟಿಗೆ ಬೋರ್ಡು ಹಾಕಿ ಅವರನ್ನು ತಡೆದವು, ಅವರೇ ರೋಗ ತರುವವರೆಂಬಂತೆ. ಆದರೆ ಎಳೆ ಎರಡೂ ಕಡೆ ಓಡುತ್ತದಲ್ಲವೇ? ಆ ವರ್ಷ ವಿಮಾನದಲ್ಲಿ ಬಂದಿಳಿದವರು ಯಾರು? ಒಂದು ಮನೆಯ ಜ್ವರ ಮೌಶಿಗೆ ತಗುಲಿ ಉಳಿದ ನಾಲ್ಕು ಮನೆಗೆ, ಅವರ ಚಿಕ್ಕ ಖೋಲಿಯಲ್ಲಿರುವ ಮಕ್ಕಳಿಗೆ ಹೋಗುತ್ತದೆ.

ಮೌಶಿಗೆ ಜ್ವರ ಬಂದ ಮೊದಲ ದಿನವೇ ಅವರು ಮನೆಯಲ್ಲಿ ಉಳಿದರೆ ಐದೂ ಎಳೆ ಒಮ್ಮೆಗೇ ತುಂಡಾಗುತ್ತದೆ. ಒಬ್ಬರ ರಜೆಯಿಂದ ಇಷ್ಟು ಪ್ರಯೋಜನ ಸಿಗುವ ಜಾಗ ನಮ್ಮ ಕಟ್ಟಡದಲ್ಲಿ ಇನ್ನೊಂದಿಲ್ಲ. ಆದರೆ ರಜೆಗೆ ಸಂಬಳ ಕತ್ತರಿಸುತ್ತೇವೆ ಎಂದಾದರೆ ಅವರು ಕ್ರೋಸಿನ್ ನುಂಗಿ ಬಂದೇ ಬರುತ್ತಾರೆ, ಕೇಳಿದರೆ ಆರಾಮಾಗಿದ್ದೇನೆ ಎನ್ನುತ್ತಾರೆ. ಎಳೆ ಬಿಡಿಸುವ ಖರ್ಚನ್ನು ಎಲ್ಲರಿಗಿಂತ ಕಡಿಮೆ ದುಡಿಯುವವರ ತಲೆಗೆ ಕಟ್ಟಿದರೆ ನಕ್ಷೆ ಎಷ್ಟು ಚೆನ್ನಾಗಿದ್ದರೇನು?

ಆದ್ದರಿಂದ ವೇದಿಕೆಯ ಮುಂದೆ ನನ್ನ ಒಂದು ಪ್ರಸ್ತಾಪ. ಇಲ್ಲಿರುವ ಪ್ರತಿಯೊಬ್ಬರೂ ನಮ್ಮ ನಮ್ಮ ಮನೆಯಲ್ಲಿ ಕೆಲಸ ಮಾಡುವವರಿಗೆ ಈ ವಾರವೇ ಹೇಳಿಬಿಡೋಣ: ಜ್ವರ, ಕೆಮ್ಮು ಬಂದರೆ ಫೋನ್ ಮಾಡಿ, ಬರಬೇಡಿ, ಸಂಬಳ ಹಿಡಿಯುವುದಿಲ್ಲ. ನಮಗೆ ಜ್ವರ ಬಂದಾಗಲೂ ಅವರಿಗೆ ಮೊದಲೇ ತಿಳಿಸೋಣ. ತಿಂಗಳ ಸಂಬಳ ಹೇಗೂ ಕೊಡುವುದೇ, ಹೆಚ್ಚಿನ ಖರ್ಚು ಸೊನ್ನೆ. ಮೂರು ದಿನ ಪಾತ್ರೆ ನಾವೇ ತಿಕ್ಕಬೇಕು, ಅದರಲ್ಲಿ ಯಜಮಾನರಿಗೂ ಪಾಲಿದೆ. ಐದೂ ಮನೆಯವರು ಒಟ್ಟಿಗೆ ಹೇಳಿದರೆ ಮಾತ್ರ ಇದು ನಡೆಯುತ್ತದೆ, ನಾಲ್ವರು ಹೇಳಿ ಒಬ್ಬರು ಕತ್ತರಿಸಿದರೆ ಅವರು ಆ ಒಂದು ಮನೆಗಾದರೂ ಹೋಗಲೇಬೇಕಾಗುತ್ತದೆ. ಅದಕ್ಕೆ ಮೊದಲು ಉಳಿದ ನಾಲ್ಕು ಮನೆ ಯಾವುವು ಎಂದು ಮೌಶಿಯನ್ನೇ ಕೇಳಿ. ಗೊತ್ತಿರುವವರು ನಮ್ಮಲ್ಲಿ ಎಷ್ಟು ಜನ, ಕೈ ಎತ್ತಿ ನೋಡೋಣ.

ಕಾರ್ಯದರ್ಶಿಯವರು ಗಡಿಯಾರ ತೋರಿಸುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.